ಸಿಮೋನನು ಹುಡುಕಿಕೊಂಡು ಬಂದ ಮೇಲೆ

ಪ್ರಾರ್ಥನಾ ಜೀವನದ ಬಗ್ಗೆ ಯಾರು ಬೋಧಿಸಿದರೂ ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದ 35ನೆಯ ವಚನ ಬಂದೇ ಬರುತ್ತದೆ. ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು, ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥನೆ ಮಾಡುತ್ತಿದ್ದನು. ಅಷ್ಟನ್ನು ಓದಿ, "ಕರ್ತನಿಗೇ ಅದು ಬೇಕಾಗಿದ್ದರೆ ನಮಗೆ ಇನ್ನೆಷ್ಟು ಬೇಕು?" ಎಂದು ಕೇಳುತ್ತಾರೆ. ಮಾತೇನೋ ಸರಿ. ಆದರೆ ಆ ಮಾತು ಕೇಳಿಸಿಕೊಳ್ಳುವವರ ಸಾಲಿನಲ್ಲಿ ರಾತ್ರಿಯೆಲ್ಲ ಕಣ್ಣು ಮುಚ್ಚದ ತಾಯಿ ಕುಳಿತಿರುತ್ತಾಳೆ. ಹೆಗಲ ಮೇಲೆ ಮಲಗಿದ ಮಗು ಎಚ್ಚರವಾಗದಿರಲಿ ಎಂದು ಉಸಿರನ್ನೂ ಅಳೆದು ಬಿಡುತ್ತಿರುವ ತಂದೆ ಹಿಂದಿನ ಬಾಗಿಲ ಬಳಿ ನಿಂತಿರುತ್ತಾನೆ. ಅವರಿಬ್ಬರಿಗೂ ಅದು ಪ್ರಶ್ನೆಯಾಗಿ ಕೇಳಿಸುವುದಿಲ್ಲ, ತೀರ್ಪಾಗಿ ಕೇಳಿಸುತ್ತದೆ.

ನನಗೆ ಅದರ ಮುಂದಿನ ಎರಡು ವಚನಗಳ ಮೇಲೆ ಹೆಚ್ಚು ಅಕ್ಕರೆ. ಶಿಷ್ಯನಾದ ಸಿಮೋನನೂ ಅವನ ಜೊತೆಯವರೂ ಆತನನ್ನು ಹುಡುಕಿಕೊಂಡು ಹೋದರು. ಕಂಡೊಡನೆ "ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ" ಎಂದರು. ಯಾವ ತಂದೆತಾಯಿಗೆ ಈ ಮಾತು ಪರಿಚಯವಿಲ್ಲ? ಬಾಗಿಲು ಹಾಕಿಕೊಂಡು ಕುಳಿತ ಎರಡನೆಯ ನಿಮಿಷಕ್ಕೆ ಆ ಬಾಗಿಲನ್ನು ತಟ್ಟುವ ಪುಟ್ಟ ಕೈ ಹೇಳುವುದೂ ಅದನ್ನೇ. ಹಿಂದಿನ ಸಂಜೆ ಏನಾಗಿತ್ತೆಂಬುದನ್ನೂ ಮಾರ್ಕನು ಬರೆದಿಟ್ಟಿದ್ದಾನೆ: ಹೊತ್ತು ಮುಳುಗಿದ ಮೇಲೆ ರೋಗಿಗಳನ್ನು ಕರೆತಂದು ಊರಿಗೆ ಊರೇ ಬಾಗಿಲ ಮುಂದೆ ಸೇರಿತ್ತು. ಹಿಂದೆ ಜನ, ಮುಂದೆ ಜನ, ನಡುವೆ ಸಿಕ್ಕ ಒಂದಿಷ್ಟು ಹೊತ್ತು, ಅದೂ ಪೂರ್ತಿ ಸಿಗಲಿಲ್ಲ. ಸಿಮೋನನ ಮೇಲೆ ಯೇಸು ರೇಗಿದನೆಂದು ಅಲ್ಲಿ ಬರೆದಿಲ್ಲ. ಎದ್ದು, ಹತ್ತಿರದ ಬೇರೆ ಊರುಗಳಿಗೂ ಹೋಗೋಣ ಎಂದನು.

ಅದೇ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿ ಇನ್ನೊಮ್ಮೆ ಹೀಗೇ ಆಗುತ್ತದೆ. ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿಲ್ಲ. ಅದನ್ನು ಗಮನಿಸಿದ ಯೇಸು ಸ್ವಲ್ಪ ದಣಿವಾರಿಸಿಕೊಳ್ಳಿರಿ ಎಂದು ಅವರನ್ನು ದೋಣಿಯಲ್ಲಿ ಕರೆದುಕೊಂಡು ಹೊರಡುತ್ತಾನೆ. ದೋಣಿ ದಡ ಸೇರುವಷ್ಟರಲ್ಲಿ ಜನ ಕಾಲುನಡೆಯಲ್ಲಿ ಓಡಿ ಅವರಿಗಿಂತ ಮೊದಲೇ ಅಲ್ಲಿದ್ದರು. ಆತನು ಅವರನ್ನು ಕಂಡು ಕನಿಕರಪಟ್ಟನು, ಬೋಧಿಸಿದನು, ಕೊನೆಗೆ ಐದು ಸಾವಿರ ಗಂಡಸರಿಗೆ ಊಟವನ್ನೂ ಹಾಕಿದನು. ವಿಶ್ರಾಂತಿಗೆಂದು ಹೊರಟ ಪ್ರಯಾಣ ಆ ವರ್ಷದ ಅತಿ ದೊಡ್ಡ ಪಂಕ್ತಿಯಾಗಿ ಮುಗಿಯಿತೇನೋ! ಕೆಡಿಸಿಹೋದ ಏಕಾಂತವೆಂದರೆ ಏನೆಂದು ಬಲ್ಲ ಕರ್ತನು ನಮ್ಮವನು. ನಾನು ಈ ಬರಹದಲ್ಲಿ ಹೇಳಬೇಕೆಂದಿರುವುದಕ್ಕೆ ಇದೇ ಬುಡ.

ಮೊದಲು ಲೆಕ್ಕ ನೋಡಿಬಿಡೋಣ. ಹುಟ್ಟಿದ ಮಗು ಮೊದಲ ವಾರಗಳಲ್ಲಿ 24 ಗಂಟೆಗೆ ಸುಮಾರು 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಂದರೆ ಎರಡು ಮೂರು ಗಂಟೆಗೊಮ್ಮೆ ಏಳಲೇಬೇಕು. ಕುಡಿಸಿ, ತೇಗು ಬರಿಸಿ, ಬಟ್ಟೆ ಬದಲಾಯಿಸಿ, ಮತ್ತೆ ಮಲಗಿಸುವಷ್ಟರಲ್ಲಿ ಉಳಿಯುವುದು ಒಂದೂವರೆ ಗಂಟೆ. ಇಂಥ ದಿನಗಳಲ್ಲಿ ನಸುಕಿನ ಒಂದು ಗಂಟೆ ಮೌನ ಸಿಗದಿರುವುದಕ್ಕೆ ಭಕ್ತಿಯ ಕೊರತೆ ಕಾರಣವಲ್ಲ, ಇಪ್ಪತ್ತನಾಲ್ಕೇ ಗಂಟೆಗಳಿರುವುದು ಕಾರಣ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೂ ಇದು ತಾನಾಗಿ ಸರಿಹೋಗುವುದಿಲ್ಲ. ದಣಿವು ಕೈಕಾಲಿನಿಂದ ತಲೆಗೆ ಏರುತ್ತದೆ, ಅಷ್ಟೆ. ಪ್ರಶ್ನೆಗಳು, ಜಗಳಗಳು, ಶಾಲೆಯ ಚೀಟಿಗಳು, ಜ್ವರ. ರಾತ್ರಿ ಬೈಬಲ್ ತೆರೆದರೆ ಒಂದೇ ವಚನವನ್ನು ಮೂರು ಸಲ ಓದಿಯೂ ಅದರಲ್ಲಿ ಏನಿತ್ತೆಂದು ಹೇಳಲಾಗುವುದಿಲ್ಲ.

ಇಂಥವರಿಗೆ ಓದಲು ಒಂದೇ ಒಂದು ಭಾಗ ಸೂಚಿಸು ಎಂದರೆ ನಾನು ಇಪ್ಪತ್ತಮೂರನೆಯ ಕೀರ್ತನೆಯ ಕಡೆಗೂ ಹೋಗುವುದಿಲ್ಲ, ಬೈಬಲಿನ ಅರಣ್ಯಕಾಂಡದ ಹನ್ನೊಂದನೆಯ ಅಧ್ಯಾಯವನ್ನು ತೆರೆಯುತ್ತೇನೆ. ಐಗುಪ್ತದಿಂದ ಹೊರಟ ಇಸ್ರಾಯೇಲ್ ಜನರು, ಅಡವಿಯಲ್ಲಿ ದೇವರು ದಿನವೂ ಕೊಡುತ್ತಿದ್ದ ಮನ್ನವೆಂಬ ಆಹಾರವನ್ನು ನೋಡಿ ನೋಡಿ ಬೇಸತ್ತಿದ್ದಾರೆ. ಐಗುಪ್ತದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿಗಳನ್ನು ನೆನೆದು ತಮ್ಮ ತಮ್ಮ ಡೇರೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಾರೆ. ಪ್ರತಿದಿನ ಇದೇನಾ, ಬೇರೇನೂ ಇಲ್ಲವಾ ಎಂಬ ಈ ರಾಗವನ್ನು ಊಟದ ತಟ್ಟೆಯ ಮುಂದೆ ಕೇಳದ ಹೆತ್ತವರಿಲ್ಲ. ಆರು ಲಕ್ಷ ಜನ ಒಟ್ಟಿಗೆ ಆ ರಾಗ ಎಳೆದರೆ ಹೇಗಿರಬಹುದು!

ಅವರನ್ನು ನಡೆಸುತ್ತಿದ್ದ ಮೋಶೆ ಆಗ ದೇವರಿಗೆ ಹೇಳಿದ್ದನ್ನು ಎಚ್ಚರಿಕೆಯಿಂದ ಓದಬೇಕು. ಈ ಜನರನ್ನೆಲ್ಲ ಗರ್ಭದಲ್ಲಿ ಹೊತ್ತವನು ನಾನೋ, ಹೆತ್ತವನು ನಾನೋ, ಮೊಲೆಗೂಸನ್ನು ಸಾಕುವವರು ಎತ್ತಿಕೊಳ್ಳುವಂತೆ ಇವರನ್ನು ಎದೆಗವಚಿಕೊಂಡು ಹೋಗು ಎನ್ನುತ್ತೀಯಲ್ಲ ಎಂದು ಕೇಳುತ್ತಾನೆ. ಇವರನ್ನೆಲ್ಲ ನಾನೊಬ್ಬನೇ ಹೊರಲಾರೆ, ಇದು ನನ್ನ ಶಕ್ತಿಗೆ ಮೀರಿದ್ದು ಎನ್ನುತ್ತಾನೆ. ಕೊನೆಗೆ, ಹೀಗೇ ಮಾಡುವುದಾದರೆ ನನ್ನನ್ನು ಕೊಂದುಬಿಡು ಎಂದೂ ಹೇಳುತ್ತಾನೆ. ದೇವರೊಡನೆ ಮುಖಾಮುಖಿಯಾಗಿ ಮಾತನಾಡಿದವನೆಂದು ಹೆಸರಾದ ಮನುಷ್ಯನ ಬಾಯಲ್ಲಿ ಬಂದ ಮಾತು ಇದು. ಕೂಸನ್ನು ಎತ್ತಿಕೊಂಡು ಸೋತ ತೋಳಿನ ನೋವನ್ನು ಹೇಳಲು ಆತ ಹುಡುಕಿದ್ದು ನಮ್ಮದೇ ಮಾತುಗಳನ್ನು.

ದೇವರ ಉತ್ತರದಲ್ಲಿ ಗದರಿಕೆಯೇ ಇಲ್ಲ. ಜನರ ಗೊಣಗಾಟಕ್ಕೆ ಸಿಟ್ಟಾದ ದೇವರು ಮೋಶೆಯ ಗೊಣಗಾಟಕ್ಕೆ ಸಿಟ್ಟಾಗಲಿಲ್ಲ. ಇನ್ನಷ್ಟು ಬೇಗ ಎದ್ದು ಪ್ರಾರ್ಥಿಸು ಎನ್ನಲಿಲ್ಲ, ನಿನ್ನ ನಂಬಿಕೆ ಎಲ್ಲಿ ಹೋಯಿತು ಎನ್ನಲಿಲ್ಲ. ಎಪ್ಪತ್ತು ಮಂದಿ ಹಿರಿಯರನ್ನು ಕರೆದುಕೊಂಡು ಬಾ, ನಾನು ಇಳಿದುಬಂದು ನಿನ್ನ ಮೇಲಿರುವ ಆತ್ಮದಲ್ಲಿ ಪಾಲು ತೆಗೆದು ಅವರಿಗೂ ಕೊಡುತ್ತೇನೆ, ಭಾರವನ್ನು ನೀನೊಬ್ಬನೇ ಹೊರುವುದು ಬೇಡ ಎಂದನು. ಬೇಡಿಕೊಂಡವನಿಗೆ ಸಿಕ್ಕಿದ್ದು ಆಳುಗಳು! ಇದನ್ನು ಓದಿದಾಗಲೆಲ್ಲ ನನಗೆ ನಗುವೂ ಬರುತ್ತದೆ, ಧೈರ್ಯವೂ ಬರುತ್ತದೆ. ನೆರವು ಕೇಳುವುದನ್ನು ನಾವು ಭಕ್ತಿಯಿಂದ ಬೇರೆ ಎಂದುಕೊಂಡಿದ್ದೇವೆ. ಇಲ್ಲಿ ಪ್ರಾರ್ಥನೆಗೆ ಬಂದ ಉತ್ತರವೇ ನೆರವು.

ಪ್ರವಾದಿ ಎಲೀಯನದ್ದೂ ಇದೇ ಜಾತಿಯ ಪ್ರಸಂಗ. ಜಾಲಿಗಿಡದ ಕೆಳಗೆ ಕುಳಿತು "ಸಾಕು" ಎಂದವನಿಗೆ ದೇವದೂತನು ತಟ್ಟಿ ಎಬ್ಬಿಸಿ ಕೊಟ್ಟದ್ದು ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮತ್ತೆ ಮಲಗಲು ಬಿಟ್ಟನು. ಎರಡನೆಯ ಸಲ ಎಬ್ಬಿಸಿದಾಗಲೂ ಊಟವೇ. ಹೋರೇಬಿನ ಬೆಟ್ಟ, ಮೆಲ್ಲನೆಯ ದನಿ, ಮುಂದಿನ ಕೆಲಸದ ಅಪ್ಪಣೆ ಎಲ್ಲ ಆಮೇಲೆ ಬಂದವು. ಮಗು ಮಲಗಿದ ಮಧ್ಯಾಹ್ನದ ಅರ್ಧ ಗಂಟೆಯಲ್ಲಿ ಬೈಬಲ್ ಓದಲೋ ಮಲಗಲೋ ಎಂದು ಒಬ್ಬ ತಾಯಿ ಕೇಳಿದರೆ, ಬಹಳ ದಿನಗಳಲ್ಲಿ "ಮಲಗಮ್ಮ" ಎಂದೇ ನಾನು ಹೇಳುತ್ತೇನೆ. 127ನೆಯ ಕೀರ್ತನೆ ನಿದ್ದೆಯನ್ನು ದೇವರು ತನ್ನ ಪ್ರಿಯರಿಗೆ ಕೊಡುವ ವರಗಳ ಸಾಲಿಗೆ ಸೇರಿಸಿದೆ.

ಹಾಗಾದರೆ ದಿನವಿಡೀ ದೇವರನ್ನು ಹುಡುಕುವುದು ಹೇಗೆ? "ಎಡೆಬಿಡದೆ ಪ್ರಾರ್ಥನೆಮಾಡಿರಿ" ಎಂದು ಪೌಲನು ಥೆಸಲೋನಿಕದವರಿಗೆ ಬರೆದನು. ಆ ಪತ್ರ ಓದಿದವರಲ್ಲಿ ಕೂಲಿಗಳೂ ದಾಸರೂ ಮಕ್ಕಳೊಂದಿಗರೂ ಇದ್ದಿರಲೇಬೇಕು. ಬಾಗಿಲು ಹಾಕಿಕೊಂಡು ಕೂರುವ ಕೋಣೆ ಅವರಲ್ಲಿ ಎಷ್ಟು ಮಂದಿಗಿತ್ತು? ಪ್ರತಿಯೊಬ್ಬರ ಕೈಯಲ್ಲೂ ಒಂದು ಬೈಬಲ್ ಎಂಬುದು ಅಚ್ಚುಯಂತ್ರ ಬಂದು ಶತಮಾನಗಳಾದ ಮೇಲಿನ ಸುಖ. ಅದಕ್ಕೆ ಹಿಂದಿನ ಸಾವಿರಾರು ವರ್ಷ ಬಹುಪಾಲು ವಿಶ್ವಾಸಿಗಳು ಬಾಯಿಪಾಠವಾದ ಕೆಲವು ವಾಕ್ಯಗಳಿಂದಲೇ ಬದುಕಿದರು.

ರೋಮ್ ನಗರ 410ರಲ್ಲಿ ಸೂರೆಯಾದಾಗ ಆಫ್ರಿಕಕ್ಕೆ ಓಡಿಬಂದ ಪ್ರೋಬಾ ಎಂಬ ವಿಧವೆ, ಹೇಗೆ ಪ್ರಾರ್ಥಿಸಲಿ ಎಂದು ಅಲ್ಲಿ ಬಿಷಪರಾಗಿದ್ದ ಅಗಸ್ಟೀನರನ್ನು ಕೇಳಿದರು. 412ರ ಸುಮಾರಿಗೆ ಅವರಿಗೆ ಬರೆದ ಉತ್ತರದಲ್ಲಿ ಅಗಸ್ಟೀನರು ಐಗುಪ್ತದ ಸನ್ಯಾಸಿಗಳ ಒಂದು ರೂಢಿಯನ್ನು ಹೇಳುತ್ತಾರೆ. ಅವರು ಮೇಲಿಂದ ಮೇಲೆ ಪ್ರಾರ್ಥಿಸುತ್ತಿದ್ದರು, ಆದರೆ ಬಹಳ ಚಿಕ್ಕದಾಗಿ, ಈಟಿ ಎಸೆದಂತೆ. ಕಾರಣವನ್ನೂ ಕೊಟ್ಟಿದ್ದಾರೆ: ಪ್ರಾರ್ಥನೆ ಉದ್ದವಾದರೆ ಎಚ್ಚರವಿರುವ ಮನಸ್ಸು ಮಂಕಾಗುತ್ತದೆ. ಪ್ರಾರ್ಥನೆಗೆಂದೇ ಮರುಭೂಮಿಗೆ ಹೋಗಿ ಕುಳಿತವರಿಗೇ ಗಮನ ಚದುರುವ ಭಯವಿತ್ತೆಂದರೆ, ಒಂದು ಕಣ್ಣನ್ನು ಒಲೆಯ ಮೇಲೂ ಇನ್ನೊಂದನ್ನು ತೆವಳುವ ಮಗುವಿನ ಮೇಲೂ ಇಟ್ಟವರು ಯಾಕೆ ನಾಚಬೇಕು?

ಅದೇ ಕಾಲದ ಕಾಸಿಯನ್ ಎಂಬ ಸನ್ಯಾಸಿ, ಐಗುಪ್ತದ ಹಿರಿಯರಿಂದ ಕಲಿತದ್ದೆಂದು ಒಂದೇ ಒಂದು ವಾಕ್ಯವನ್ನು ದಾಟಿಸಿದ್ದಾರೆ. 70ನೆಯ ಕೀರ್ತನೆಯ ಮೊದಲ ಸಾಲು ಅದು: ದೇವರೇ, ನನ್ನ ನೆರವಿಗೆ ಬಾ, ಬೇಗ ಬಾ. ಹಸಿವಾದಾಗ, ಸಿಟ್ಟು ಬಂದಾಗ, ಹೆಮ್ಮೆಯಾದಾಗ, ಎದೆ ಒಣಗಿದಾಗ ಇದನ್ನೇ ಹೇಳು ಎಂದು ಒಂದೊಂದಾಗಿ ಎಣಿಸುತ್ತಾ ಹೋಗುವಾಗ ನಡುವೆ ಒಂದು ಸಂದರ್ಭ ಬರುತ್ತದೆ, ಅದನ್ನು ಓದಿ ನಾನು ಗಟ್ಟಿಯಾಗಿ ನಕ್ಕೆ. ವೇದ ಓದಲು ಕುಳಿತರೆ ತಲೆನೋವು. ಬೆಳಗಿನ ಒಂಬತ್ತರ ಹೊತ್ತಿಗೇ ನಿದ್ದೆ ಬಂದು ಮುಖ ಪವಿತ್ರ ಪುಟಕ್ಕೆ ಅಂಟಿಕೊಳ್ಳುತ್ತದೆ! ಮಕ್ಕಳಿಲ್ಲ, ಮರಿಗಳಿಲ್ಲ, ಆದರೂ ತೂಕಡಿಕೆ. ಅದಕ್ಕೂ ಮದ್ದು ಅದೇ ಸಾಲು.

ಇಂಥ ಪ್ರಾರ್ಥನೆಗೆ ಹೊತ್ತು ಗೊತ್ತು ಮಾಡಿಕೊಳ್ಳುವುದಕ್ಕಿಂತ ಜಾಗ ಗೊತ್ತು ಮಾಡಿಕೊಳ್ಳುವುದು ಮೇಲು ಎಂಬುದು ನನ್ನ ಅನುಭವ. ಗಡಿಯಾರದ ಮಾತನ್ನು ಮಕ್ಕಳು ನಡೆಸಿಕೊಡುವುದಿಲ್ಲ. ಆದರೆ ಕೆಲವು ಕೆಲಸಗಳು ದಿನವೂ ಬಂದೇ ಬರುತ್ತವೆ. ನಮ್ಮ ಮನೆಯಲ್ಲಿ ಚಿಕ್ಕವನ ಶೂ ಲೇಸ್ ಅಂಥದ್ದು. "ನಾನೇ ಕಟ್ಟುತ್ತೇನೆ" ಎಂದು ಹಟ. ನಾಲಿಗೆಯ ತುದಿಯನ್ನು ಹೊರಗೆ ಹಾಕಿ, ಒಂದು ಕುಣಿಕೆ ಮಾಡಿ, ಎರಡನೆಯದನ್ನು ಸುತ್ತುವಷ್ಟರಲ್ಲಿ ಮೊದಲನೆಯದು ಜಾರಿಹೋಗುತ್ತದೆ. ಮತ್ತೆ ಮೊದಲಿನಿಂದ. ಕೈ ಹಾಕಿದರೆ ಅಳು, ಹಾಕದಿದ್ದರೆ ತಡ. ಬಾಗಿಲ ಬಳಿ ಚೀಲ ಹಿಡಿದು ನಿಂತ ಆ ಎರಡು ಮೂರು ನಿಮಿಷಗಳಲ್ಲಿ ಹಿಂದೆಲ್ಲ ನಾನು ಮೊಬೈಲ್ ನೋಡುತ್ತಿದ್ದೆ. ಈಗ ಆ ಹೊತ್ತನ್ನು ಪ್ರಾರ್ಥನೆಗೆ ಇಟ್ಟಿದ್ದೇನೆ. ದೊಡ್ಡ ಮಾತೇನೂ ಇಲ್ಲ: ಕರ್ತನೇ, ಈ ಕಾಲುಗಳನ್ನು ಕಾಯಿ. ನನಗೆ ಇವತ್ತಿಗೆ ಬೇಕಾಗುವಷ್ಟು ತಾಳ್ಮೆ ಕೊಡು. ಅಷ್ಟರಲ್ಲಿ ಗಂಟು ಬಿದ್ದಿರುತ್ತದೆ, ಸಾಮಾನ್ಯವಾಗಿ ಬಿಚ್ಚಲಾಗದ ಗಂಟು.

ನೆಹೆಮೀಯನ ಪ್ರಾರ್ಥನೆ ಇದಕ್ಕಿಂತಲೂ ಚಿಕ್ಕದು. ದ್ರಾಕ್ಷಾರಸ ಹಿಡಿದು ಅರಸನ ಮುಂದೆ ನಿಂತವನಿಗೆ "ನಿನಗೇನು ಬೇಕು?" ಎಂಬ ಪ್ರಶ್ನೆ ಬಂತು. ಪ್ರಶ್ನೆಗೂ ಉತ್ತರಕ್ಕೂ ನಡುವೆ ಆತ ಪರಲೋಕದ ದೇವರನ್ನು ಪ್ರಾರ್ಥಿಸಿದನು. ಎಷ್ಟು ಸೆಕೆಂಡು ಇದ್ದೀತು? ಅರಸನಿಗೆ ಗೊತ್ತಾಗದಷ್ಟು. ಹಾಗೆಂದು ಅದು ಗಾಳಿಯಿಂದ ಬಂದದ್ದೂ ಅಲ್ಲ. ಅದರ ಹಿಂದೆ ಮೊದಲನೆಯ ಅಧ್ಯಾಯದ ಉಪವಾಸ, ಕಣ್ಣೀರು, ಉದ್ದನೆಯ ಪ್ರಾರ್ಥನೆ ಇದ್ದವು. ಆದ್ದರಿಂದ ಏಕಾಂತವೇ ಬೇಡ ಎನ್ನುವವನು ನಾನಲ್ಲ. ಅದು ಸಿಕ್ಕ ದಿನ ಹಬ್ಬ. ಗಂಡ ಹೆಂಡತಿ ಇಬ್ಬರೂ ಇರುವ ಮನೆಯಲ್ಲಿ ಒಬ್ಬರು ಮಕ್ಕಳನ್ನು ನೋಡಿಕೊಂಡು ಇನ್ನೊಬ್ಬರಿಗೆ ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಬಿಡಿಸಿಕೊಡಬೇಕು. ಇದನ್ನು ಗಂಡಸರಿಗೆ ಎರಡು ಸಲ ಹೇಳಬೇಕಾಗುತ್ತದೆ.

ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯ ದೇವರ ಮಾತನ್ನು ಮಕ್ಕಳಿಗೆ ಯಾವಾಗ ಹೇಳಬೇಕೆಂದು ತಿಳಿಸುತ್ತದೆ: ಮನೆಯಲ್ಲಿ ಕೂತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ. ಇವು ನಾಲ್ಕೂ ತಂದೆತಾಯಿಗಳು ಹೇಗೂ ಮಕ್ಕಳ ಜೊತೆಗಿರುವ ಹೊತ್ತುಗಳೇ. ಮಲಗುವ ಮುನ್ನ ಮಗು ಕೇಳುವ ಹತ್ತನೆಯ ಪ್ರಶ್ನೆಗೆ ಉತ್ತರ ಕೊಡುವುದೂ ಈ ವಚನದೊಳಗೇ ಬರುತ್ತದೆ.

ದಣಿದ ತಾಯಂದಿರಿಗೆ ಉಪದೇಶ ಮಾಡುವವರು ತಪ್ಪದೆ ತರುವ ಇನ್ನೊಬ್ಬರು, ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿಯವರ ತಾಯಿ ಸುಸಾನಾ ವೆಸ್ಲಿ. ಹತ್ತೊಂಬತ್ತು ಮಕ್ಕಳನ್ನು ಹೆತ್ತು ಒಂಬತ್ತನ್ನು ಎಳವೆಯಲ್ಲೇ ಮಣ್ಣು ಮಾಡಿದವರು. ತಲೆಯ ಮೇಲೆ ಏಪ್ರನ್ ಹೊದ್ದುಕೊಂಡು ಮಕ್ಕಳ ಗದ್ದಲದ ನಡುವೆಯೇ ಪ್ರಾರ್ಥಿಸುತ್ತಿದ್ದರು ಎಂಬ ಕಥೆ ಎಲ್ಲ ಕಡೆ ಓಡಾಡುತ್ತದೆ. ಕಥೆ ಚೆನ್ನಾಗಿದೆ, ಆದರೆ ಅದನ್ನು ಕೇಳಿ ಮನೆಗೆ ಹೋದ ತಾಯಂದಿರು ಹಗುರಾಗುವುದಕ್ಕಿಂತ ಕುಗ್ಗುವುದನ್ನೇ ಹೆಚ್ಚು ಕಂಡಿದ್ದೇನೆ. ನನಗೆ ಅವರು 1712ರಲ್ಲಿ ಗಂಡನಿಗೆ ಬರೆದ ಪತ್ರವೇ ಮೇಲು. ಪ್ರತಿ ರಾತ್ರಿ ತನಗೆ ಬಿಡುವಾದಷ್ಟು ಹೊತ್ತು ಒಂದೊಂದು ಮಗುವಿನೊಡನೆ ಪ್ರತ್ಯೇಕವಾಗಿ ಕುಳಿತು ಮಾತನಾಡುತ್ತೇನೆ ಎಂದು ಅದರಲ್ಲಿದೆ. ಯಾವ ವಾರ ಯಾರದೆಂದೂ ಬರೆದಿದ್ದಾರೆ; ಜಾನ್ ಪಾಲಿಗೆ ಬಂದದ್ದು ಗುರುವಾರ. ದೊಡ್ಡವರಾದ ಮೇಲೂ ಜಾನ್ ವೆಸ್ಲಿ ಆ ಗುರುವಾರದ ಸಂಜೆಯನ್ನು ನೆನೆದು ತಾಯಿಗೆ ಬರೆದರು. ಆ ಪತ್ರದಲ್ಲಿ ನನ್ನ ಕಣ್ಣಿಗೆ ಬೀಳುವುದು "ಬಿಡುವಾದಷ್ಟು" ಎಂಬ ಅಳತೆ. ಗಂಟೆಯ ಲೆಕ್ಕವನ್ನು ಅವರು ಕೊಡಲಿಲ್ಲ.

ಸಂಜೆಯ ಸಿಟ್ಟಿನ ಬಗ್ಗೆಯೂ ಒಂದು ಮಾತು. ದಿನವೆಲ್ಲ ತಡೆದುಕೊಂಡದ್ದು ಸ್ನಾನದ ಹೊತ್ತಿಗೋ ಮನೆಪಾಠದ ಹೊತ್ತಿಗೋ ಸಿಡಿಯುತ್ತದೆ. ಆಮೇಲೆ ಪ್ರಾರ್ಥಿಸಲು ಮುಖವಿಲ್ಲವೆನಿಸಿ ಎಷ್ಟೋ ಹೆತ್ತವರು ಆ ರಾತ್ರಿ ದೇವರ ಕಡೆ ತಿರುಗುವುದೇ ಇಲ್ಲ. ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಸುಂಕದವನಿಗೂ ಮುಖವಿರಲಿಲ್ಲ. ದೂರದಲ್ಲೇ ನಿಂತು, ಕಣ್ಣೆತ್ತಲೂ ಆಗದೆ, ಪಾಪಿಯಾದ ನನ್ನನ್ನು ಕರುಣಿಸು ಎಂದನು. ನೀತಿವಂತನೆನಿಸಿಕೊಂಡು ಮನೆಗೆ ಹೋದವನು ಅವನೇ. ಅದನ್ನು ಮಗುವಿನ ಎದುರಿಗೇ, ಮಗುವಿನ ಕೈ ಹಿಡಿದೇ ಹೇಳಬಹುದು. ಅಪ್ಪನೂ ಕ್ಷಮೆ ಕೇಳುತ್ತಾನೆ ಎಂದು ಮಕ್ಕಳಿಗೆ ತಿಳಿಯುವುದು ಹೀಗೆಯೇ.

ಒಬ್ಬಂಟಿಯಾಗಿ ಮಕ್ಕಳನ್ನು ಸಾಕುತ್ತಿರುವವರಿಗೆ ಮೇಲಿನ ಅರ್ಧ ಗಂಟೆಯ ಮಾತೂ ಪರದೇಶದ ಸುದ್ದಿಯೇ. ಅವರನ್ನು ನೆನೆದಾಗ ನನಗೆ ಅಬ್ರಹಾಮನ ಮನೆಯಿಂದ ಮಗನೊಡನೆ ಹೊರಬಿದ್ದ ದಾಸಿ ಹಾಗರಳು ನೆನಪಾಗುತ್ತಾಳೆ. ತಿತ್ತಿಯಲ್ಲಿದ್ದ ನೀರು ಮುಗಿದ ಮೇಲೆ ಮಗನನ್ನು ಒಂದು ಗಿಡದ ಕೆಳಗೆ ಬಿಟ್ಟು, ಅವನು ಸಾಯುವುದನ್ನು ನೋಡಲಾರೆ ಎಂದು ದೂರ ಹೋಗಿ ಕುಳಿತು ಅತ್ತವಳು. ಅಲ್ಲಿ ಅವಳು ಪ್ರಾರ್ಥಿಸಿದಳೆಂದು ಬರೆದಿಲ್ಲ, ಅತ್ತಳೆಂದಷ್ಟೇ ಬರೆದಿದೆ. ಮುಂದಿನ ವಾಕ್ಯದಲ್ಲಿ ದೇವರು ಕೇಳಿಸಿಕೊಂಡದ್ದು ಹುಡುಗನ ದನಿಯನ್ನು. ತಾಯಿಯ ಬಾಯಲ್ಲಿ ಪ್ರಾರ್ಥನೆ ಹೊರಡದ ದಿನ ಮಗುವಿನ ಅಳುವೇ ಅಲ್ಲಿಗೆ ತಲುಪಿತು. ದೇವರು ಅವಳ ಕಣ್ಣು ತೆರೆದನು, ಬಾವಿ ಕಂಡಿತು, ಹೋಗಿ ನೀರು ತುಂಬಿ ತಂದು ಮಗನಿಗೆ ಕುಡಿಸಿದಳು. ಮತ್ತೆ ಕೆಲಸ ಶುರು.

ಇಷ್ಟೆಲ್ಲ ಹೇಳಿದ ಮೇಲೂ ಪ್ರಾರ್ಥನೆಯಿಂದಲೇ ಎಲ್ಲ ದಣಿವೂ ಇಳಿಯುತ್ತದೆ ಎಂದು ನಾನು ಹೇಳಲಾರೆ. ಹೆರಿಗೆಯ ನಂತರ ವಾರಗಟ್ಟಲೆ ಎದೆ ಭಾರವಾಗಿ, ಮಗುವನ್ನು ನೋಡಿದರೂ ಏನೂ ಅನಿಸದೆ, ಬದುಕೇ ಬೇಡವೆನಿಸಿದರೆ ಅದು ಕಾಯಿಲೆ. ಅದಕ್ಕೆ ಚಿಕಿತ್ಸೆ ಇದೆ, ವೈದ್ಯರ ಬಳಿಗೆ ಹೋಗಬೇಕು, ತಡಮಾಡಬಾರದು. ನಂಬಿಕೆ ಸಾಲದೆ ಹೀಗಾಗಿದೆ ಎನ್ನುವವರ ಮಾತನ್ನು ಬಾಗಿಲಾಚೆಗೇ ಬಿಡಬೇಕು. ಮೋಶೆಗೆ ಹಾಗೆ ಹೇಳದ ದೇವರು ನಿಮಗೂ ಹೇಳುವುದಿಲ್ಲ.

ಕೊನೆಗೆ ಒಂದು ಮಾತನ್ನು ಮಕ್ಕಳು ದೊಡ್ಡವರಾಗಿ ಕೈ ಬಿಡುವಾಗಿರುವ ಸಭೆಯ ಹಿರಿಯರಿಗೆ ಹೇಳಬೇಕಾಗಿದೆ. ಆರಾಧನೆಯ ನಡುವೆ ಅಳುವ ಕೂಸನ್ನು ಎತ್ತಿಕೊಂಡು ಹೊರಗೆ ಹೋಗುವವರನ್ನು ಹಲವರು ತಿರುಗಿ ನೋಡುತ್ತಾರೆ. ಮಕ್ಕಳನ್ನು ಕರೆತಂದವರನ್ನು ಗದರಿಸಿದವರು ಸುವಾರ್ತೆಯಲ್ಲೂ ಇದ್ದರು, ಅವರು ಶಿಷ್ಯರೇ. ಯೇಸು ಅಲ್ಲಿ ಕೋಪಗೊಂಡನೆಂದು ಮಾರ್ಕನು ನೇರವಾಗಿ ಬರೆದಿದ್ದಾನೆ. ಆತನು ಆ ಮಕ್ಕಳನ್ನು ಅಪ್ಪಿಕೊಂಡು ಆಶೀರ್ವದಿಸಿದನು. ಅಷ್ಟು ಹೊತ್ತಾದರೂ ಅವರ ತಾಯಂದಿರ ತೋಳು ಖಾಲಿಯಾಗಿದ್ದಿರಬೇಕು. ಮುಂದಿನ ಭಾನುವಾರ ಬಾಗಿಲ ಬಳಿ ಅಂಥವರು ಯಾರಾದರೂ ಕಂಡರೆ ಹತ್ತಿರ ಹೋಗಿ, "ಕೊಡಮ್ಮ, ಪ್ರಸಂಗ ಮುಗಿಯುವವರೆಗೆ ನಾನು ಎತ್ತಿಕೊಂಡಿರುತ್ತೇನೆ, ನೀನು ಹೋಗಿ ಕುಳಿತುಕೋ" ಎನ್ನಿ. ಮಗು ನಿಮ್ಮ ಹತ್ತಿರ ನಿಲ್ಲದೆ ಇನ್ನೂ ಜೋರಾಗಿ ಅತ್ತರೆ ಮುಂದಿನ ವಾರ ಮತ್ತೆ ಕೇಳಿ.